ಹಿತ್ತಲ ಹಣ್ಣಿನ ಮರಗಳೂ ಕಸಿಕಡ್ಡಿಗಳ ವಿನಿಮಯವೂ

ಹೊಸ ಅಗ್ರಹಾರದ ಸುತ್ತಮುತ್ತಲಲ್ಲಿಯೂ, ಅದರಾಚೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸೀಮೆಯಲ್ಲಿಯೂ ಹಳೆಯ ಮನೆಗಳ ಹಿತ್ತಿಲಲ್ಲಿ ಒಂದು ಮಾವು, ಒಂದು ಹಲಸು ಇಲ್ಲದ ಊರು ವಿರಳ. ಇವುಗಳಲ್ಲಿ ಬಹುಪಾಲು ಯಾರೂ ಯೋಚಿಸಿ ನೆಟ್ಟವುಗಳಲ್ಲ. ಹಿಂದಿನ ತಲೆಮಾರಿನವರು ತಿಂದು ಎಸೆದ ಗೊರಟೋ, ತಿಪ್ಪೆಯ ಬದಿಯಲ್ಲಿ ಬಿದ್ದ ಹಲಸಿನ ಬೀಜವೋ ಮೊಳೆತು ಮರವಾದವುಗಳು. ಹಾಗೆ ಹುಟ್ಟಿದ ನೂರು ಮರಗಳಲ್ಲಿ ತೊಂಬತ್ತರ ಹಣ್ಣು ನಾರು, ಹುಳಿ ಅಥವಾ ಸಪ್ಪೆ. ಆದರೆ ಎಲ್ಲೋ ಒಂದು ಮರ ಊರಿಗೆಲ್ಲ ಹೆಸರಾಗುವಂಥ ಹಣ್ಣನ್ನು ಕೊಡುತ್ತದೆ. ಅಂಥ ಮರಕ್ಕೆ ಜನರು ತಾವಾಗಿಯೇ ಸಕ್ಕರೆ ಮಾವು, ಜೀರಿಗೆ ಮಾವು, ಚಂದ್ರ ಹಲಸು ಎಂದು ಹೆಸರಿಟ್ಟು ಕರೆಯುತ್ತಾರೆ. ಹಣ್ಣಿನ ಕಾಲದಲ್ಲಿ ನೆಂಟರಿಷ್ಟರು ಆ ಮನೆಯ ದಾರಿಯನ್ನು ನೆನಪು ಮಾಡಿಕೊಳ್ಳುತ್ತಾರೆ.

ಅಂಥ ಮರದ ಅಂತ್ಯವು ಸಾಮಾನ್ಯವಾಗಿ ಹೀಗೆ ಆಗುತ್ತದೆ. ಅಣ್ಣತಮ್ಮಂದಿರು ಪಾಲಾಗುತ್ತಾರೆ. ಮರ ನಿಂತ ಬದು ಇಬ್ಬರಿಗೂ ಸೇರಿ, ಯಾರಿಗೂ ಸೇರದಂತಾಗುತ್ತದೆ. ಹೊಸ ಮನೆಗೆ ತಳಪಾಯ ಹಾಕುವಾಗ ಮರ ಅಡ್ಡವೆನಿಸುತ್ತದೆ, ಇಲ್ಲವೇ ಶುಂಠಿಗೆ ಗದ್ದೆಯನ್ನು ಗುತ್ತಿಗೆ ಕೊಡುವಾಗ ನೆರಳು ಹೆಚ್ಚೆನಿಸುತ್ತದೆ. ಇದರ ಮೇಲೆ ಈ ಸೀಮೆಯಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್‌ಗಳಿಗೆ ಸೌದೆ ಬೇಕು. ಆಷಾಢದಿಂದ ಮುಂದೆ ಬ್ಯಾರನ್‌ಗಳಿಗೆ ಬೆಂಕಿ ಬೀಳುವುದಕ್ಕೆ ಮೊದಲೇ ಸೌದೆಯ ವ್ಯಾಪಾರಿಗಳು ಊರೂರು ತಿರುಗಿ ಮರಗಳಿಗೆ ಬೆಲೆ ಕಟ್ಟುತ್ತಾರೆ. ಬೇಲಿಯ ಬೇವಿಗೂ ಹಿತ್ತಲ ಸಕ್ಕರೆ ಮಾವಿಗೂ ಅವರ ಲೆಕ್ಕದಲ್ಲಿ ಭೇದವಿಲ್ಲ, ತೂಕವೊಂದೇ ಪ್ರಮಾಣ. ಒಂದು ಬೆಳಗ್ಗೆ ಗರಗಸದ ಯಂತ್ರ ಬರುತ್ತದೆ, ಮಧ್ಯಾಹ್ನದೊಳಗೆ ಮೂರು ತಲೆಮಾರು ಹಣ್ಣು ತಿಂದ ಮರವು ಲಾರಿಯನ್ನು ಸೇರುತ್ತದೆ.

ಮರವನ್ನು ಮಾರಿದವನನ್ನು ದೂಷಿಸುವುದು ನ್ಯಾಯವಲ್ಲ. ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಹಣ ಬೇಕಾದಾಗ ಮರವನ್ನು ಉಳಿಸಿಕೋ ಎಂದು ಹೇಳಲು ಹೊರಗಿನವರಿಗೆ ಅಧಿಕಾರವಿಲ್ಲ. ಮರಕ್ಕೆ ವಯಸ್ಸಾಗಿ ತಾನಾಗಿ ಒಣಗುವುದೂ ಉಂಟು. ದೂಷಿಸತಕ್ಕ ಸಂಗತಿ ಬೇರೆ. ಆ ಮರವು ನಿಂತಿದ್ದ ಅಷ್ಟು ವರ್ಷಗಳಲ್ಲಿ ಅದರ ಒಂದು ಗೇಣು ಕಡ್ಡಿಯನ್ನು ಕತ್ತರಿಸಿ ಮತ್ತೊಂದು ಗಿಡಕ್ಕೆ ಕಟ್ಟುವ ಕೆಲಸವನ್ನು ಯಜಮಾನನೂ ಮಾಡಲಿಲ್ಲ, ಹಣ್ಣು ತಿಂದ ನೆರೆಯವರೂ ಕೇಳಲಿಲ್ಲ. ಹಣ್ಣನ್ನು ಬುಟ್ಟಿಗಟ್ಟಲೆ ಹಂಚಿದವರು ಕಡ್ಡಿಯನ್ನು ಹಂಚಲಿಲ್ಲ.

ಬೀಜವನ್ನು ಹಾಕಿದ್ದೇವಲ್ಲ ಎಂದು ಅನೇಕರು ಸಮಾಧಾನಪಟ್ಟುಕೊಳ್ಳುವುದುಂಟು. ಈ ಸಮಾಧಾನಕ್ಕೆ ಆಧಾರ ಸಾಲದು. ಹಲಸು ಪರಪರಾಗಸ್ಪರ್ಶದಿಂದ ಕಾಯಿ ಕಟ್ಟುವ ಮರ. ತಾಯಿ ಯಾವುದೆಂದು ತಿಳಿದರೂ ತಂದೆ ಯಾವುದೆಂದು ತಿಳಿಯದು. ಒಂದೇ ಹಣ್ಣಿನ ಹತ್ತು ಬೀಜಗಳು ಹತ್ತು ಬಗೆಯ ಮರಗಳಾಗಬಹುದು. ಬಾದಾಮಿ, ರಸಪುರಿ ಮುಂತಾದ ನಮ್ಮ ಬಯಲುಸೀಮೆಯ ಮಾವುಗಳ ಗೊರಟಿನಲ್ಲಿ ಒಂದೇ ಮೊಳಕೆಯಿದ್ದು, ಅದೂ ಹೀಗೆಯೇ ಬೆರಕೆಯಿಂದ ಹುಟ್ಟಿದ್ದು. ಕೊಡಗಿನ ಕಿತ್ತಳೆಯ ಬೀಜದಲ್ಲಿ ಮಾತ್ರ ಹಲವು ಮೊಳಕೆಗಳಿದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಯನ್ನೇ ಹೋಲುತ್ತವೆ. ಕಿತ್ತಳೆಯಲ್ಲಿ ಕಂಡ ಈ ಗುಣವನ್ನು ಮಾವು ಹಲಸುಗಳಿಗೂ ಅನ್ವಯಿಸಿ ಬೀಜ ಬಿತ್ತಿದವರು ಎಂಟು ಹತ್ತು ವರ್ಷ ಕಾದು ನಿರಾಶರಾಗುತ್ತಾರೆ.

ಕಸಿಯಾದರೋ ಬೇರೆ ಮಾತು. ಕಸಿಯ ಗಿಡವು ತಾಯಿಮರದ ಮಗುವಲ್ಲ, ತಾಯಿಮರವೇ ಬೇರೆ ಬೇರಿನ ಮೇಲೆ ನಿಂತದ್ದು. ನಮ್ಮಲ್ಲಿ ಬಾದಾಮಿ ಎಂದು ಕರೆಯುವ ಮಾವನ್ನೇ ನೋಡಬಹುದು. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ಆಲ್ಫಾನ್ಸೋ ಎಂಬ ಹೆಸರು ಪಡೆದ ಆ ತಳಿಯು ಕಡ್ಡಿಯಿಂದ ಕಡ್ಡಿಗೆ, ಕೈಯಿಂದ ಕೈಗೆ ದಾಟಿ ರತ್ನಾಗಿರಿಯಿಂದ ಮೈಸೂರಿನವರೆಗೆ ಹಬ್ಬಿದೆ. ಎಲ್ಲಿಯೂ ಯಾರೂ ಅದನ್ನು ಗೊರಟಿನಿಂದ ಬೆಳೆಸಿ ಉಳಿಸಿದ್ದಲ್ಲ. ಇಂಗ್ಲೆಂಡಿನಲ್ಲಿ ಅಡುಗೆಗೆ ಪ್ರಸಿದ್ಧವಾದ ಬ್ರಾಮ್ಲಿ ಎಂಬ ಸೇಬಿನ ಕಥೆಯೂ ಇಂಥದೇ. ಸೌತ್‌ವೆಲ್ ಎಂಬ ಊರಿನ ಒಂದು ಮನೆಯ ಹಿತ್ತಿಲಲ್ಲಿ 1809ರಲ್ಲಿ ಒಬ್ಬ ಹುಡುಗಿ ಬಿತ್ತಿದ ಬೀಜದಿಂದ ಬಂದ ಮರವದು. ಮುಂದೆ ಆ ಮನೆಯನ್ನು ಕೊಂಡ ಮ್ಯಾಥ್ಯೂ ಬ್ರಾಮ್ಲಿ ಎಂಬ ಮಾಂಸದ ವ್ಯಾಪಾರಿಯ ಬಳಿಗೆ 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ಸಸ್ಯಕ್ಷೇತ್ರದ ತರುಣನು ಬಂದು ಕಡ್ಡಿ ಬೇಡಿದನು. ಹಣ್ಣಿಗೆ ತನ್ನ ಹೆಸರಿಡಬೇಕೆಂಬ ಒಂದೇ ಕರಾರಿನ ಮೇಲೆ ಬ್ರಾಮ್ಲಿ ಒಪ್ಪಿದನು. ಮೂಲದ ಮರಕ್ಕೆ ಈಗ ಅಣಬೆರೋಗ ತಗುಲಿದೆ. ಆದರೆ ಆ ಹಣ್ಣಿಗೆ ಅಪಾಯವಿಲ್ಲ, ಅದು ಆ ದೇಶದ ತೋಟತೋಟಗಳಲ್ಲಿದೆ. ಬಿತ್ತಿದ ಹುಡುಗಿಯ ಹೆಸರು ಮಾತ್ರ ಹಣ್ಣಿಗೆ ಬರಲಿಲ್ಲವೆಂಬುದು ಸ್ವಲ್ಪ ಖೇದದ ಸಂಗತಿ.

ಮೈಸೂರು ಸೀಮೆಗೆ ಕಸಿಯ ವಿದ್ಯೆ ಹೊಸದಲ್ಲ. 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿ ಲಾಲ್‌ಬಾಗಿನ ಆಡಳಿತ ವಹಿಸಿದ ಕ್ರುಂಬಿಗಲ್ ಅವರ ಕಾಲದಿಂದ ಒಳ್ಳೆಯ ಜಾತಿಯ ಹಣ್ಣಿನ ಗಿಡಗಳನ್ನು ಬೆಳೆಸಿ ಹಂಚುವ ಕ್ರಮ ಬಲವಾಯಿತು. 1963ರಲ್ಲಿ ತೋಟಗಾರಿಕೆಯ ಇಲಾಖೆ ಪ್ರತ್ಯೇಕವಾದಾಗ ಮರಿಗೌಡರು ಜಿಲ್ಲೆ ಜಿಲ್ಲೆಗಳಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನು ತೆರೆಯಿಸಿ ಆ ಕೆಲಸವನ್ನು ಹಳ್ಳಿಯ ಬಾಗಿಲಿಗೆ ತಂದರು. ಇಂದು ಬಾದಾಮಿ, ಮಲ್ಲಿಕಾ, ರಸಪುರಿಗಳ ಗಿಡ ಬೇಕೆಂದವರಿಗೆ ಸಿಗುತ್ತಿರುವುದು ಈ ದೀರ್ಘ ಪ್ರಯತ್ನದ ಫಲ. ಆದರೆ ಸಸ್ಯಕ್ಷೇತ್ರವು ಹೆಚ್ಚು ಜನ ಕೇಳುವ ಹತ್ತು ಜಾತಿಗಳನ್ನು ಬೆಳೆಸಬಲ್ಲದೇ ಹೊರತು, ಒಂದೊಂದು ಊರಿನ ಒಂದೊಂದು ಮರವನ್ನು ಹುಡುಕಿ ಬೆಳೆಸಲಾರದು. ಅದು ಆಯಾ ಊರಿನವರ ಕೆಲಸ.

ಮತ್ತೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಂತೆಯ ಬದಿಯಲ್ಲಿ ಗಾಡಿಯ ಮೇಲೆ ಮಾರುವ ಗಿಡಗಳಿಗೆ ಕಟ್ಟಿದ ಚೀಟಿಯನ್ನು ನಂಬಿ ಹಣ ಕೊಟ್ಟವರು, ನಾಲ್ಕೈದು ವರ್ಷಗಳ ನಂತರ ಮೊದಲ ಹಣ್ಣು ಬಿಟ್ಟಾಗ ಮೋಸ ತಿಳಿಯುತ್ತಾರೆ. ಅಷ್ಟರಲ್ಲಿ ಮಾರಿದವನೆಲ್ಲಿ, ಗಾಡಿಯೆಲ್ಲಿ! ನೆರೆಮನೆಯ ಮರದ ವಿಷಯದಲ್ಲಿ ಈ ಭಯವಿಲ್ಲ. ಅದರ ಹಣ್ಣನ್ನು ಬಾಯಿಟ್ಟು ನೋಡಿಯಾಗಿದೆ. ಯಾವ ತಿಂಗಳಲ್ಲಿ ಹಣ್ಣಾಗುತ್ತದೆ, ಮುಂಗಾರಿನ ಮುಂಚಿನ ಮಳೆಗೆ ಹೂವು ಉದುರುತ್ತದೆಯೋ ನಿಲ್ಲುತ್ತದೆಯೋ, ವರ್ಷ ಬಿಟ್ಟು ವರ್ಷ ಕಾಯುತ್ತದೆಯೋ ಪ್ರತಿವರ್ಷವೋ ಎಂಬುದೆಲ್ಲ ಊರಿಗೆ ತಿಳಿದಿದೆ. ಬಾದಾಮಿಯಂಥ ಹೆಸರಾಂತ ಜಾತಿಯೂ ಒಂದು ವರ್ಷ ಕಾಯ್ದು ಮತ್ತೊಂದು ವರ್ಷ ಮುನಿಯುವುದನ್ನೂ, ಹೊರಗೆ ಚೆನ್ನಾಗಿ ಕಾಣುವ ಅದರ ಹಣ್ಣಿನೊಳಗೆ ತಿರುಳು ಮೆದುವಾಗಿ ಕೆಡುವುದನ್ನೂ ಬೆಳೆದವರೆಲ್ಲ ಬಲ್ಲರು. ಐವತ್ತು ವರ್ಷ ಈ ಮಣ್ಣು, ಈ ಮಳೆ, ಈ ಮಂಜುಗಳನ್ನು ತಡೆದು ಹಣ್ಣು ಕೊಟ್ಟ ಊರ ಮರಕ್ಕೆ ಇದಕ್ಕಿಂತ ಉತ್ತಮವಾದ ಯೋಗ್ಯತಾಪತ್ರ ಬೇಕಿಲ್ಲ.

ಕಸಿ ಮಾಡುವುದು ಕಠಿಣವೆಂಬ ಭಾವನೆ ಕೆಲವರಲ್ಲಿದೆ. ಮೊದಲ ವರ್ಷ ಹತ್ತರಲ್ಲಿ ಐದು ಹಿಡಿದರೂ ತೃಪ್ತಿಪಡತಕ್ಕದ್ದು. ಕೈ ಪಳಗಿದ ಮೇಲೆ ಸೋಲು ಕಡಿಮೆಯಾಗುತ್ತದೆ. ಮೊದಲು ಬೇರಿನ ಗಿಡ ಸಿದ್ಧವಾಗಿರಬೇಕು. ನಾಟಿ ಮಾವಿನ ಗೊರಟನ್ನು ಹಣ್ಣು ತಿಂದ ಕೆಲವು ದಿನಗಳೊಳಗೆ ಮಣ್ಣಿಗೆ ಹಾಕತಕ್ಕದ್ದು, ಒಂದು ತಿಂಗಳು ಕಳೆದರೆ ಮೊಳೆಯುವ ಶಕ್ತಿ ಉಡುಗುತ್ತದೆ. ಹಲಸಿನ ಬೀಜವನ್ನೂ ಒಣಗಗೊಡದೆ ಹಸಿಯಾಗಿರುವಾಗಲೇ ಹಾಕಬೇಕು. ಹೀಗೆ ಈ ವರ್ಷ ಹಾಕಿದ ಗಿಡವು ಬರುವ ವರ್ಷ ಆರಿದ್ರಾ ಮಳೆಯ ಹೊತ್ತಿಗೆ ಸೀಸದ ಕಡ್ಡಿಯ ಗಾತ್ರಕ್ಕೆ ಬಂದು ಕಸಿಗೆ ಯೋಗ್ಯವಾಗುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗೆ, ಗಾಳಿಯಲ್ಲಿ ತೇವವಿರುವಾಗ ಮಾಡಿದ ಕಸಿಯು ಬಿಸಿಲುಕಾಲದ ಕಸಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಕಡ್ಡಿಯ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಮರದ ಬುಡದಲ್ಲಿ ನೆರಳಿನಲ್ಲಿ ಚಿಗುರಿದ ನೀರುಗೊಂಬೆಯನ್ನು ತೆಗೆಯಬಾರದು. ಬಿಸಿಲು ಬೀಳುವ, ಫಲ ಕೊಡುವ ಕೊಂಬೆಯ ತುದಿಯಲ್ಲಿ ಮೂರು ನಾಲ್ಕು ತಿಂಗಳು ಬಲಿತ ಕಡ್ಡಿಯನ್ನು ಗುರುತಿಸಿ, ಕತ್ತರಿಸುವುದಕ್ಕೆ ಎಂಟು ಹತ್ತು ದಿನ ಮೊದಲು ಅದರ ಎಲೆಗಳನ್ನು ತೊಟ್ಟು ಉಳಿಯುವಂತೆ ಮರದ ಮೇಲೆಯೇ ಸವರಿಬಿಡಬೇಕು. ತೊಟ್ಟುಗಳು ಮುಟ್ಟಿದರೆ ಉದುರುವಂತಾಗಿ, ತುದಿಯ ಮೊಗ್ಗು ಉಬ್ಬಿ ನಿಂತಾಗ ಕಡ್ಡಿ ಪಕ್ವವಾಯಿತೆಂದು ತಿಳಿಯಬೇಕು. ಅರ್ಧ ಗೇಣಿನಷ್ಟು ಉದ್ದಕ್ಕೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆಯ ಪಟ್ಟೆಯೊಳಗಿಟ್ಟು ಒಯ್ದರೆ ಮಾವಿನ ಕಡ್ಡಿಯು ಎರಡು ಮೂರು ದಿನ ತಾಳುತ್ತದೆ. ಹಲಸಿನ ಕಡ್ಡಿಯನ್ನು ಮಾತ್ರ ಅದೇ ದಿನ ಕಟ್ಟುವುದು ಲೇಸು. ಕತ್ತರಿಸಿದಲ್ಲಿ ಒಸರುವ ಅಂಟನ್ನು ಒದ್ದೆ ಬಟ್ಟೆಯಿಂದ ಒರಸಿ ಮುಂದುವರಿಯಬೇಕು.

ಬೇರಿನ ಗಿಡದ ಎಳೆಯ ಭಾಗವನ್ನು ನೆಲದಿಂದ ಒಂದು ಗೇಣಿನ ಮೇಲೆ ಅಡ್ಡ ಕತ್ತರಿಸಿ, ನಡುವೆ ಎರಡು ಬೆರಳಗಲದ ಆಳಕ್ಕೆ ಸೀಳಬೇಕು. ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಬೆಣೆಯಂತೆ ಹೆರೆದು ಆ ಸೀಳಿನಲ್ಲಿ ಕೂರಿಸಿ, ಒಂದು ಬದಿಯಲ್ಲಾದರೂ ತೊಗಟೆಗೆ ತೊಗಟೆ ಸರಿಯಾಗಿ ಕೂಡುವಂತೆ ನೋಡಿಕೊಂಡು ಪಾಲಿಥೀನ್ ಪಟ್ಟಿಯಿಂದ ಬಿಗಿಯಾಗಿ ಸುತ್ತತಕ್ಕದ್ದು. ಎಲ್ಲ ಕೆಲಸದ ಜೀವಾಳ ತೊಗಟೆಗಳ ಈ ಕೂಡಿಕೆಯೇ. ಜೀವರಸ ಹರಿಯುವ ಪೊರೆ ತೊಗಟೆಯ ಕೆಳಗೇ ಇರುವುದರಿಂದ ಅದು ಕೂಡದಿದ್ದರೆ ಎಷ್ಟು ಬಿಗಿದರೂ ವ್ಯರ್ಥ. ಐಸ್‌ಕ್ಯಾಂಡಿ ಮಾರುವವರು ಉಪಯೋಗಿಸುವ ಕಿರಿದಾದ ಪಾಲಿಥೀನ್ ಕೊಳವೆಯನ್ನು ಟೊಪ್ಪಿಗೆಯಂತೆ ಮೇಲೆ ತೊಡಿಸಿದರೆ ಕಡ್ಡಿ ಒಣಗದು. ಎರಡು ಮೂರು ವಾರಗಳಲ್ಲಿ ಚಿಗುರು ಕಂಡಾಗ ಟೊಪ್ಪಿಗೆಯನ್ನು ತೆಗೆಯಬೇಕು. ಕಸಿಯ ಕೆಳಗೆ ಹೊರಡುವ ಚಿಗುರುಗಳನ್ನು ಆಗಾಗ ಚಿವುಟದಿದ್ದರೆ ನಾಟಿಯ ಗಿಡವೇ ಮೇಲೆದ್ದು ಕಡ್ಡಿಯನ್ನು ಕೊಲ್ಲುತ್ತದೆ. ಸುತ್ತಿದ ಪಟ್ಟಿಯನ್ನು ಎರಡು ಮೂರು ತಿಂಗಳ ನಂತರ ಬಿಚ್ಚಲು ಮರೆತು ಗಿಡದ ಕತ್ತನ್ನು ಹಿಸುಕಿದವರೂ ಕಡಿಮೆಯಲ್ಲ.

ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಮಳೆಯಾಶ್ರಯದ ಭೂಮಿಯಲ್ಲಿ ಗೊರಟನ್ನು ಗುಂಡಿಯಲ್ಲಿಯೇ ಬಿತ್ತಿ, ಗಿಡ ಬೆಳೆದ ಮೇಲೆ ನಿಂತಲ್ಲಿಯೇ ಕಸಿ ಕಟ್ಟುವುದು ಮೇಲು. ಚೀಲದಲ್ಲಿ ಬೆಳೆದ ಗಿಡದ ತಾಯಿಬೇರು ಸುರುಳಿ ಸುತ್ತಿರುತ್ತದೆ. ನಿಂತಲ್ಲಿಯೇ ಬೆಳೆದದ್ದು ನೇರವಾಗಿ ಕೆಳಗಿಳಿದು ಬೇಸಗೆಯನ್ನು ತಾಳುತ್ತದೆ. ಹಿತ್ತಿಲಲ್ಲಿ ಆಗಲೇ ಹುಳಿ ಮಾವಿನ ದೊಡ್ಡ ಮರವಿದ್ದರೆ ಅದನ್ನು ಕಡಿದುಹಾಕುವ ಅವಶ್ಯಕತೆಯೂ ಇಲ್ಲ. ಕೊಂಬೆಗಳನ್ನು ತುಂಡರಿಸಿ, ಹೊರಟ ಹೊಸ ಚಿಗುರುಗಳ ಮೇಲೆ ಒಳ್ಳೆಯ ಮರದ ಕಡ್ಡಿಗಳನ್ನು ಕಟ್ಟಿದರೆ ಹಳೆಯ ಬೇರಿನ ಬಲದಲ್ಲಿ ಬೇಗನೆ ಫಲ ಬರುತ್ತದೆ. ಒಂದೇ ಮರದ ಒಂದೊಂದು ಕೊಂಬೆಗೆ ನೆರೆಯ ಒಂದೊಂದು ಮನೆಯ ಮಾವನ್ನು ಕಟ್ಟಿ, ಊರಿನ ಎಲ್ಲ ಒಳ್ಳೆಯ ಹಣ್ಣುಗಳನ್ನು ಶಾಲೆಯ ಆವರಣದಲ್ಲಿಯೋ ದೇವಸ್ಥಾನದ ಹಿಂದೆಯೋ ಒಂದೇ ಕಡೆ ಉಳಿಸಿಕೊಳ್ಳಬಹುದು. ದಾಳಿಂಬೆ, ಅಂಜೂರಗಳಿಗೆ ಬಲಿತ ಕಡ್ಡಿಯನ್ನು ನೆಟ್ಟರೆ ಸಾಕು. ಸೀಬೆಗೆ ಗೂಟಿ ಕಟ್ಟಿದರಾಯಿತು. ಇವುಗಳ ವಿಷಯ ಬಹುಮಂದಿಗೆ ತಿಳಿದೇ ಇದೆ.

ಇಷ್ಟು ಸುಲಭವಾದ ಕೆಲಸವು ಏಕೆ ನಡೆಯುತ್ತಿಲ್ಲವೆಂದರೆ, ವಿದ್ಯೆಯ ಅಭಾವಕ್ಕಿಂತ ಮನಸ್ಸಿನ ಬಿಗುಪು ಹೆಚ್ಚಿನ ಕಾರಣವೆನ್ನಬೇಕು. ತಮ್ಮ ಮರದ ಹಣ್ಣು ತಮ್ಮಲ್ಲಿಯೇ ಇರಲಿ, ಎಲ್ಲರಲ್ಲೂ ಆದರೆ ಬೆಲೆಯೆಲ್ಲಿ ಎಂದು ಕೆಲವು ಭೂಮಾಲಿಕರು ಕಡ್ಡಿ ಕೊಡಲು ಹಿಂಜರಿಯುತ್ತಾರೆ. ಒಂದೇ ಮರದ ಹಣ್ಣಿಗೆ ಪೇಟೆಯಲ್ಲಿ ಬೆಲೆಯೂ ಇಲ್ಲ, ಹೆಸರೂ ಇಲ್ಲ ಎಂಬುದನ್ನು ಇವರು ಯೋಚಿಸುವುದಿಲ್ಲ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸು ಇದಕ್ಕೆ ಉತ್ತರ. ಅಲ್ಲಿಯ ಎಸ್. ಕೆ. ಸಿದ್ದಪ್ಪನವರು ಬೆಳೆಸಿದ ಒಂದು ಮರದ ಹಣ್ಣು ಸುಮಾರು ಎರಡೂವರೆ ಕಿಲೋಗ್ರಾಂ ತೂಗುವ ಚಿಕ್ಕ ಹಣ್ಣು. ತೊಳೆ ತಾಮ್ರಗೆಂಪು, ರುಚಿ ಅಸಾಧಾರಣ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅದನ್ನು ಪರೀಕ್ಷಿಸಿ ‘ಸಿದ್ದು’ ಎಂಬ ಹೆಸರಿಟ್ಟು, 2017ರಲ್ಲಿ ಸಿದ್ದಪ್ಪನವರ ಮಗ ಪರಮೇಶರೊಡನೆ ಒಪ್ಪಂದ ಮಾಡಿಕೊಂಡು ಕಸಿಗಿಡಗಳನ್ನು ಬೆಳೆಸಿ ಮಾರಿತು. ಬಂದ ಆದಾಯದಲ್ಲಿ 75 ಪಾಲು ಮರದ ಒಡೆಯರಿಗೆ ಸೇರತಕ್ಕದ್ದೆಂದು ನಿಗದಿಯಾಯಿತು. ಕಡ್ಡಿ ಹೊರಗೆ ಹೋದುದರಿಂದ ಆ ಮನೆತನಕ್ಕೆ ನಷ್ಟವಾಗಲಿಲ್ಲ. ಹೋಗದೆ ಇದ್ದಿದ್ದರೆ ಅದು ಚೇಳೂರಿನ ನೆಂಟರಿಗೆ ಮಾತ್ರ ತಿಳಿದ ಒಂದು ಹಲಸಿನ ಮರವಾಗಿ ಉಳಿಯುತ್ತಿತ್ತು.

ಎಲ್ಲ ಮರವೂ ಸಿದ್ದುವಾಗದು; ಹಾಗೆ ಆಸೆ ತೋರಿಸುವುದು ತಪ್ಪು. ಆದರೆ ಕಡ್ಡಿ ಕೊಟ್ಟರೆ ಹಕ್ಕು ಹೋಗುವುದೆಂಬ ಭಯಕ್ಕೆ ಆಧಾರವಿಲ್ಲ. 2001ರ ಸಸ್ಯತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ರೈತರು ತಾವು ಬೆಳೆದ ಬೀಜ ಸಸಿಗಳನ್ನು ಉಳಿಸಿಕೊಳ್ಳುವ, ಬದಲಾಯಿಸಿಕೊಳ್ಳುವ, ಹಂಚುವ, ಮಾರುವ ಹಕ್ಕನ್ನು ಮಾನ್ಯ ಮಾಡಿದೆ. ಸಂರಕ್ಷಿತ ತಳಿಯನ್ನು ಅದರ ಮುದ್ರೆಯ ಹೆಸರಿನಲ್ಲಿ ಮಾರುವುದು ಮಾತ್ರ ಕೂಡದು. ರೈತರ ಸ್ವಂತ ತಳಿಯನ್ನು ಅವರ ಹೆಸರಿನಲ್ಲಿಯೇ ನೋಂದಾಯಿಸಲೂ ಅದರಲ್ಲಿ ಅವಕಾಶವಿದೆ.

ಉದಾರತೆಯಿಂದ ಕೇಡೂ ಉಂಟಾಗಬಹುದೆಂಬುದನ್ನು ಮರೆಮಾಚುವಂತಿಲ್ಲ. ಕಡ್ಡಿಯೊಡನೆ ರೋಗವೂ ಕೈ ಬದಲಾಯಿಸುತ್ತದೆ. ಈ ಸೀಮೆಯ ಗಡಿಯಲ್ಲಿರುವ ಕೊಡಗಿನ ಕಿತ್ತಳೆಯ ತೋಟಗಳನ್ನು ಕ್ಷೀಣಿಸಿದ ಕಾರಣಗಳಲ್ಲಿ ಹಸಿರುರೋಗವೂ ಒಂದು. ಅದು ಸಣ್ಣ ಕೀಟವೊಂದರಿಂದ ಹರಡುವಂತೆಯೇ ರೋಗಿ ಮರದ ಕಣ್ಣುಕಡ್ಡಿಯಿಂದಲೂ ಹರಡುತ್ತದೆ. ರೋಗ ಒಳಹೊಕ್ಕ ಮರ ಕೆಲವು ಕಾಲ ಆರೋಗ್ಯವಾಗಿಯೇ ಕಾಣುವುದರಿಂದ ಕಣ್ಣಳತೆಯ ಪರೀಕ್ಷೆ ಸಾಲದು. ಆದಕಾರಣ ಕಿತ್ತಳೆ, ಮೋಸಂಬಿ, ನಿಂಬೆಯ ಕಣ್ಣುಕಡ್ಡಿಗಳನ್ನು ಮನೆಯಿಂದ ಮನೆಗೆ ಬದಲಾಯಿಸಿಕೊಳ್ಳಲೇಬಾರದು; ಪರೀಕ್ಷಿತ ಸಸ್ಯಕ್ಷೇತ್ರದಿಂದಲೇ ತರತಕ್ಕದ್ದು. ಬಾಳೆಯ ವಿಷಯವೂ ಹೀಗೆಯೇ. ನಮ್ಮ ಜಿಲ್ಲೆಯ ಕೀರ್ತಿಯಾದ ನಂಜನಗೂಡು ರಸಬಾಳೆಯು ಬಹುಮಟ್ಟಿಗೆ ಅಳಿದದ್ದು ಪನಾಮ ಸೊರಗು ರೋಗದಿಂದ. ರೋಗದ ತೋಟದಿಂದ ಪ್ರೀತಿಯಿಂದ ಕೊಟ್ಟ ಕಂದು ಮತ್ತೊಂದು ತೋಟಕ್ಕೆ ರೋಗವನ್ನು ಒಯ್ಯುತ್ತದೆ, ಒಮ್ಮೆ ಮಣ್ಣಿಗೆ ಸೇರಿದ ಆ ಶಿಲೀಂಧ್ರವು ಬಹುಕಾಲ ಅಲ್ಲಿಂದ ಕದಲದು. ಮಾವು ಹಲಸುಗಳಲ್ಲಿ ಭಯ ಇಷ್ಟಿಲ್ಲ. ಹಾಗಿದ್ದರೂ ಬಂದಳಿಕೆ ಮುಸುಕಿದ, ಕೊಂಬೆ ತುದಿಯಿಂದ ಒಣಗುತ್ತಿರುವ, ಕಾಂಡದಿಂದ ಅಂಟು ಸುರಿಯುವ ಮರದಿಂದ ಕಡ್ಡಿ ತೆಗೆಯದಿರುವುದು ವಿವೇಕ. ಒಂದು ಮರದಿಂದ ಮತ್ತೊಂದಕ್ಕೆ ಹೋಗುವಾಗ ಚಾಕುವನ್ನು ಶುದ್ಧಗೊಳಿಸಿಕೊಳ್ಳಬೇಕೆಂಬುದನ್ನು ಹೇಳಬೇಕಾಗಿಲ್ಲ, ಆದರೆ ಮಾಡುವವರು ಕಡಿಮೆಯಾದ್ದರಿಂದ ಹೇಳಬೇಕಾಗಿದೆ.

ಗ್ರಾಮದ ಯಜಮಾನರು ಮನಸ್ಸು ಮಾಡಿದರೆ ಇದನ್ನು ಒಂದು ಕ್ರಮಕ್ಕೆ ತರುವುದು ದೊಡ್ಡದಲ್ಲ. ಪಂಚಾಯಿತಿಯ ಕಚೇರಿಯಲ್ಲಿ ಒಂದು ಪುಸ್ತಕವನ್ನಿಟ್ಟು, ಊರಿನಲ್ಲಿ ಹೆಸರಾದ ಮರ ಯಾವುದು, ಯಾರ ಹಿತ್ತಿಲು, ಹಣ್ಣಿನ ಕಾಲ ಯಾವುದು, ಗುಣವೇನು ಎಂದು ಬರೆದಿಡಬೇಕು. ಈ ವಿಚಾರದಲ್ಲಿ ಗಂಡಸರನ್ನಷ್ಟೇ ಕೇಳಿದರೆ ಪಟ್ಟಿ ಅರ್ಧವಾಗುತ್ತದೆ. ಯಾವ ಮರದ ಕಾಯಿಯ ಉಪ್ಪಿನಕಾಯಿ ಎರಡು ವರ್ಷ ಕೆಡದು, ಯಾವ ಹಲಸಿನ ಹಪ್ಪಳ ಚೆನ್ನು ಎಂಬುದನ್ನು ಮನೆಯ ಹೆಂಗಸರೇ ಬಲ್ಲರು. ಮಲೆನಾಡಿನ ಅಪ್ಪೆಮಿಡಿಯ ಜಾತಿಗಳು ಶರಾವತಿ, ಅಘನಾಶಿನಿಗಳ ದಂಡೆಯಿಂದ ಕಸಿಯ ಮೂಲಕ ತೋಟಗಳಿಗೆ ಬಂದುದಕ್ಕೆ ಅಡುಗೆಮನೆಯ ಇಂಥ ತಿಳಿವಳಿಕೆಯೇ ಬೆನ್ನೆಲುಬು. ಮರದ ಒಡೆಯರು ವರ್ಷಕ್ಕೆ ಹತ್ತು ಕಡ್ಡಿಗಳನ್ನು ಕೊಡಲು ಒಪ್ಪಬೇಕು. ಪಡೆದವರು ಮರದ ಹೆಸರನ್ನು ಬದಲಾಯಿಸದೆ, ಕೇಳಿದಾಗ ಎರಡು ಕಡ್ಡಿಗಳನ್ನು ಹಿಂದಕ್ಕೆ ಕೊಡಲು ಒಪ್ಪಬೇಕು. ಮೂಲದ ಮರ ಬಿದ್ದಾಗ ಒಡೆಯರ ಮೊಮ್ಮಕ್ಕಳು ಅದನ್ನು ಯಾವ ಮನೆಯಲ್ಲಿ ಹೋಗಿ ಕೇಳಬೇಕೆಂಬುದು ಆ ಪುಸ್ತಕದಲ್ಲಿರುತ್ತದೆ. ಕಸಿ ಬಲ್ಲವರು ಊರಿನಲ್ಲಿಲ್ಲದಿದ್ದರೆ ಹತ್ತಿರದ ತೋಟಗಾರಿಕೆ ಕ್ಷೇತ್ರದಿಂದ ಒಬ್ಬ ಕಸಿಗಾರನನ್ನು ಒಂದು ದಿನಕ್ಕೆ ಕರೆಸಿಕೊಳ್ಳಬಹುದು. ಅಂದು ಊರಿನ ನಾಲ್ಕು ಹುಡುಗರು ಅವನ ಕೈಯನ್ನು ನೋಡಿ ಕಲಿತರೆ ಮುಂದಿನ ವರ್ಷ ಅವನನ್ನು ಕರೆಸಬೇಕಾಗಿಲ್ಲ.

ಪಟ್ಟಿಯ ಮೊದಲನೆಯ ಸಾಲಿನಲ್ಲಿ ಬರತಕ್ಕದ್ದು ಸೌದೆಗೆಂದು ಈ ವರ್ಷ ಈಗಾಗಲೇ ಬೆಲೆ ಕಟ್ಟಿಸಿಕೊಂಡ ಮರ. ಅದನ್ನು ಮಾರಿದವರು ಮಾರಿಯಾಗಿದೆ. ಎಲೆ ಸವರಿದ ಮೇಲೆ ಕಡ್ಡಿ ಪಕ್ವವಾಗಲು ಹತ್ತು ದಿನ, ಕತ್ತರಿಸಿ ನಾಲ್ಕು ಮನೆಗಳಿಗೆ ಒಯ್ಯಲು ಎರಡು ದಿನ ಬೇಕು. ಕೊಂಡ ವ್ಯಾಪಾರಿಯಿಂದ ಹದಿನೈದು ದಿನದ ವಾಯಿದೆ ಕೇಳಿದರೆ, ಯಜಮಾನರ ಮಾತಿಗೆ ಇಲ್ಲವೆನ್ನುವವರು ವಿರಳ. ಬೇರಿನ ಗಿಡ ಸಿದ್ಧವಿಲ್ಲವೆಂದು ಕೈಚೆಲ್ಲಬೇಕಾದ್ದೂ ಇಲ್ಲ. ಮಾವಿನ ಗೊರಟು ಮೊಳೆತು ಹತ್ತು ಹದಿನೈದು ದಿನದ ಕೆಂಪು ಸಸಿಯಾಗಿರುವಾಗಲೂ ಅದರ ಮೇಲೆ ಕಡ್ಡಿ ಕಟ್ಟಬಹುದು, ಅಂಥ ಸಸಿಗಳು ಈ ತಿಂಗಳು ಪ್ರತಿ ಹಿತ್ತಲ ತಿಪ್ಪೆಯಲ್ಲಿಯೂ ಎದ್ದಿರುತ್ತವೆ.